ದಪ್ಪ ಅಕ್ಷರದ ಲೆಂಟ್ ಪುಸ್ತಕ: ಕೊನೆಗೂ ಖಾಲಿಯಾಯಿತು

ಲೆಂಟ್ ಕಾಲಕ್ಕೆ, ಅಂದರೆ ಬೂದಿ ಬುಧವಾರದಿಂದ ಈಸ್ಟರ್‌ವರೆಗಿನ ಉಪವಾಸದ ದಿನಗಳಿಗೆ, ನಾನು ಮಾಡಿಸಿದ ಧ್ಯಾನದ ಪುಸ್ತಕ ಈ ಸಲ ಬೂದಿ ಬುಧವಾರಕ್ಕೆ ಮುಂಚೆಯೇ ಮುಗಿಯಿತು. ಸುಮಾರು 500 ಪ್ರತಿ. ವಾಟ್ಸಾಪ್ ಇರುವಾಗ ಕನ್ನಡ ಪುಸ್ತಕ ಯಾರು ಕೊಳ್ತಾರೆ ಅಂತ ನಮ್ಮ ಚರ್ಚಿನ ಸಭೆಯ ಕಮಿಟಿಯಲ್ಲಿ ಕೇಳಿದವರೇ ಕಡೆಗೆ ಎರಡೆರಡು ಕೇಳಿದರು. ಕೊಡೋಕೆ ಇರಲಿಲ್ಲ.

2024ರಲ್ಲಿ ಇದೇ ಕಮಿಟಿಯ ಒತ್ತಾಯಕ್ಕೆ 1000 ಹಾಕಿಸಿದ್ದೆವು. ಪುಟ ಉಳಿಸಬೇಕು ಅಂತ ಸಣ್ಣ ಅಕ್ಷರ, ತೆಳು ಕಾಗದ, ಪ್ರತಿ ಪುಟದ ಮೇಲೆ ತಾರೀಕು. ಅರ್ಧ ಉಳಿಯಿತು. ಮುಂದಿನ ವರ್ಷ ಮಾರೋಣ ಅಂದರೆ ಆಗಲ್ಲವಲ್ಲ: 2024ರಲ್ಲಿ ಬೂದಿ ಬುಧವಾರ ಫೆಬ್ರವರಿ 14, 2025ರಲ್ಲಿ ಮಾರ್ಚ್ 5. ಹದಿನೈದು ಸಾವಿರದ ಹತ್ತಿರ ಮುಳುಗಿತು. ಉಳಿದದ್ದನ್ನು ಸುಗ್ಗಿ ಹಬ್ಬದ ಹರಾಜಿನಲ್ಲಿ ಕುಂಬಳಕಾಯಿ ಜೊತೆ ಬಿಟ್ಟಿ ಕೊಟ್ಟೆವು.

ಈ ಸಲ ತಾರೀಕು ಹಾಕಿಸಲಿಲ್ಲ. 'ಮೊದಲನೇ ದಿನ', 'ಎರಡನೇ ದಿನ', ಅಷ್ಟೇ. ಭಾನುವಾರ ಲೆಕ್ಕಕ್ಕಿಲ್ಲ, ಆದ್ದರಿಂದ 40 ದಿನ. ದಿನಕ್ಕೆ ಎರಡು ಪುಟ. ಒಟ್ಟು 80 ಪುಟ, ಅಂದರೆ ಒಂದೇ ಹಾಳೆಯಲ್ಲಿ ಅಚ್ಚಾಗುವ ಹದಿನಾರು ಪುಟದ ಫಾರಂ ಐದು, ಒಂದು ಪುಟವೂ ವ್ಯರ್ಥವಿಲ್ಲ. ಮುನ್ನುಡಿ ಎಲ್ಲಿ ಅಂತ ಅಯ್ಯನವರು (ನಮ್ಮ ಪಾದ್ರಿ) ಕೇಳಿದರು. ರಕ್ಷಾಪುಟದ ಒಳಬದಿಗೆ ಹಾಕಿದೆ. ಮುನ್ನುಡಿ ಚಿಕ್ಕದಾಯಿತು, ಒಳ್ಳೆಯದೇ ಆಯಿತು.

ಅಕ್ಷರ 16 ಪಾಯಿಂಟ್. ಪುಸ್ತಕ ಕೊಳ್ಳೋರು ಅರವತ್ತು ದಾಟಿದ ಅಮ್ಮಂದಿರು, ಅವರಿಗೆ ಇದೇ ಬೇಕಿದ್ದದ್ದು. ಅಷ್ಟು ದಪ್ಪ ಅಕ್ಷರ 70 ಜಿಎಸ್‌ಎಂನ ತೆಳು ಕಾಗದದಲ್ಲಿ ಹಿಂದಿನ ಪುಟಕ್ಕೆ ಕಾಣುತ್ತೆ. ನಾನು ಬೇರೆ ಕಾಗದ ಹಿಡಿದೆ. ಯಾವುದು, ಎಲ್ಲಿಂದ ಅನ್ನೋದು ನನ್ನ ಹತ್ತಿರವೇ ಇರಲಿ.

ಜಾಸ್ತಿ ಕಾಡಿದ್ದು ಪ್ರೂಫ್. ನಾನು ಯೂನಿಕೋಡ್‌ನಲ್ಲಿ ಕೊಟ್ಟೆ, ಪ್ರೆಸ್ಸಿನವರು ಅದನ್ನು ತಮ್ಮ ಹಳೆಯ 'ನುಡಿ' ಫಾಂಟಿಗೆ ಬದಲಿಸಿದರು. ಅರ್ಕಾವತ್ತು ಎಲ್ಲೆಲ್ಲೋ ಹೋಯಿತು. ನಮ್ಮ ಪುಸ್ತಕದಲ್ಲಿ ಕರ್ತ, ಪ್ರಾರ್ಥನೆ, ಸ್ವರ್ಗ, ಆಶೀರ್ವಾದ ಇಲ್ಲದ ಪುಟ ಎಲ್ಲಿದೆ? ಈ ನಾಲ್ಕನ್ನೇ ಮೊದಲು ಹುಡುಕಿ ನೋಡಿ. ಅವು ಸರಿ ಇದ್ದರೆ ಮುಕ್ಕಾಲು ಪ್ರೂಫ್ ಮುಗಿದ ಹಾಗೆ.

ಸತ್ಯವೇದದ ವಾಕ್ಯ ಅಚ್ಚು ಹಾಕಲು ಬೈಬಲ್ ಸೊಸೈಟಿಯ ಅನುಮತಿಗೆ ಮೊದಲೇ ಬರೆದಿದ್ದೆ. ಇದನ್ನು ಕ್ರಿಸ್ಮಸ್‌ಗೆ ಮುಂಚೆ ಮಾಡಿ. ಕಿಟೆಲ್ ಅವರ ಪದ್ಯಕ್ಕೆ ಆ ತಾಪತ್ರಯವಿಲ್ಲ, ಅವರು ತೀರಿದ್ದು 1903ರಲ್ಲಿ, ಹಕ್ಕಿನ ಅವಧಿ ಎಂದೋ ಮುಗಿದಿದೆ. ನಿಘಂಟಿನ ಕಿಟೆಲ್ ಅಂತ ಎಲ್ಲರಿಗೂ ಗೊತ್ತು. ಯೇಸುವಿನ ಚರಿತ್ರೆಯನ್ನು ಕನ್ನಡ ಪದ್ಯದಲ್ಲಿ 'ಕಥಾಮಾಲೆ' ಅಂತ 1862ರಲ್ಲೇ ತಂದಿದ್ದರು ಅನ್ನೋದು ನಮ್ಮವರಿಗೇ ಮರೆತಿದೆ. ನಾಲ್ಕೈದು ದಿನದ ಧ್ಯಾನದ ಅಡಿಯಲ್ಲಿ ಅದರಿಂದ ಕೆಲವು ಸಾಲು ಸುಮ್ನೆ ಹಾಕಿ ನೋಡಿದೆ. ಯುವಜನರು ಅರ್ಥವಾಗಲಿಲ್ಲ ಅಂದರು. ಒಬ್ಬ ನಿವೃತ್ತ ಮೇಷ್ಟ್ರು ಮಾತ್ರ ಮನೆಗೇ ಬಂದು ರಾಗವಾಗಿ ಹಾಡಿ ತೋರಿಸಿದರು. ಮುಂದಿನ ಸಲವೂ ಹಾಕ್ತೀನಿ, ಅವರಿಗೋಸ್ಕರವಾದರೂ.

ಕ್ಯೂಆರ್ ಕೋಡ್ ಹಾಕಿ ಧ್ವನಿ ಮುದ್ರಣ ಕೊಟ್ಟದ್ದು ಪೂರ್ತಿ ದಂಡ. ಅದನ್ನು ತೆರೆದವರು ಹತ್ತು ಜನವೂ ಇರಲಿಕ್ಕಿಲ್ಲ.

ದುಡ್ಡಿನ ವಿಷಯ. ಪ್ರತಿಗೆ 40ರ ಆಸುಪಾಸು ಬಿತ್ತು, 60ಕ್ಕೆ ಮಾರಿದೆ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಆದ್ದರಿಂದ ಬೆಲೆ ಸರಳ. ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ಟೇಬಲ್ ಹಾಕೋದು ಬಿಟ್ಟೆ. ಹೆಂಗಸರ ಕೂಟದಲ್ಲಿ ಹೆಸರು ಬರೆಸಿ, ದುಡ್ಡು ಕೈಗೆ ಬಂದ ಮೇಲೆಯೇ ಪ್ರೆಸ್ಸಿಗೆ ಹೋದೆ. ಮುನ್ನೂರರ ಮೇಲೆ ಹಾಗೇ ಬುಕ್ ಆದವು. ಕಾಣದ ಪುಸ್ತಕಕ್ಕೆ ಮೊದಲೇ ದುಡ್ಡು ಕೊಡುವ ಹಾಗೆ ಹೇಗೆ ಒಪ್ಪಿಸಿದೆ ಅಂತ ಪಕ್ಕದ ಸಭೆಯವರು ಕೇಳ್ತಿದ್ದಾರೆ. ಅವರೂ ಸ್ವಲ್ಪ ಒದ್ದಾಡಲಿ.

ಈಗ ಕ್ರಿಸ್ಮಸ್‌ಗೆ ಮುಂಚಿನ, ಡಿಸೆಂಬರ್ 1ರಿಂದ 24ರವರೆಗಿನ ಧ್ಯಾನದ ಪುಸ್ತಕ ಬರೀತಿದ್ದೇನೆ. 48 ಪುಟ, ಸರಿಯಾಗಿ ಮೂರು ಫಾರಂ. ಇದಕ್ಕೆ ತಾರೀಕು ಹಾಕಬಹುದು, ಬದಲಾಗಲ್ಲ.