ಕಮ್ಯುನಿಟಿ ಕಾಲೇಜಿಗೆ ಸೇರಿದಿರಾ? ಪ್ಲ್ಯಾನ್ ಮಾಡಿಸಿಕೊಳ್ಳಿ, ಮೀಟಿಂಗಿಗೂ ಹೋಗಿ

ಮೊನ್ನೆ ಪರಿಚಯದವರ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು. ಊಟ ಆದ ಮೇಲೆ ಒಬ್ಬರು ನನ್ನ ಪಕ್ಕ ಬಂದು ಕೂತು, ದನಿ ತಗ್ಗಿಸಿ, "ಅಕ್ಕಾ, ಮಗನ್ನ ಕಮ್ಯುನಿಟಿ ಕಾಲೇಜಿಗೆ ಸೇರಿಸ್ತಾ ಇದ್ದೀವಿ, ಯಾರಿಗೂ ಹೇಳಿಲ್ಲ" ಅಂದರು. ಕಮ್ಯುನಿಟಿ ಕಾಲೇಜು ಅಂದರೆ ಇಲ್ಲಿ ಅಮೆರಿಕದಲ್ಲಿ ಕಡಿಮೆ ಫೀಸಿನ ಸರ್ಕಾರಿ ಕಾಲೇಜು, ಎರಡು ವರ್ಷದ ಓದು ಮುಗಿಸಿ ಅಲ್ಲಿಂದ ಯೂನಿವರ್ಸಿಟಿಗೂ ಹೋಗಬಹುದು. ಅದನ್ನು ಮುಚ್ಚಿಡುವುದು ನೋಡಿ ನನಗೆ ಮನಸ್ಸಿಗೆ ಕಷ್ಟವಾಯಿತು. ನಾನು ಇಲ್ಲಿಗೆ ಎಚ್-4 ವೀಸಾದಲ್ಲಿ (ಎಚ್-1ಬಿ ಕೆಲಸದ ವೀಸಾದವರ ಗಂಡ ಅಥವಾ ಹೆಂಡತಿಗೆ, ಮಕ್ಕಳಿಗೆ ಸಿಗುವುದು) ಬಂದು, ದಾವಣಗೆರೆಯ ಬಿ.ಕಾಂ. ಇಟ್ಟುಕೊಂಡು ಏನು ಮಾಡುವುದು ಅಂತ ಗೊತ್ತಾಗದೆ ಕೂತಿದ್ದಾಗ ನನ್ನನ್ನು ಎತ್ತಿ ನಿಲ್ಲಿಸಿದ್ದು ಇಂಥದ್ದೇ ಒಂದು ಕಾಲೇಜು. ಮಕ್ಕಳ ಶಿಕ್ಷಣದ ಕೋರ್ಸುಗಳನ್ನು ಅಲ್ಲೇ ಮಾಡಿದೆ. ಪ್ರಿಸ್ಕೂಲ್ ಟೀಚರ್ ಆಗಿದ್ದು ಅದರಿಂದಲೇ. ಅವತ್ತು ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ನಾನು ಹೇಳುವುದೆಲ್ಲ ಕ್ಯಾಲಿಫೋರ್ನಿಯಾದ್ದು, ಬೇರೆ ರಾಜ್ಯಗಳಲ್ಲಿ ನಿಯಮ ಬೇರೆ.

ಮೊದಲು ಇದರ ಗಾತ್ರ ನೋಡಿ. ಈ ರಾಜ್ಯದಲ್ಲಿ 116 ಕಮ್ಯುನಿಟಿ ಕಾಲೇಜುಗಳಿವೆ, ಅವನ್ನು ನಡೆಸುವುದು 73 ಡಿಸ್ಟ್ರಿಕ್ಟ್‌ಗಳು. ಡಿಸ್ಟ್ರಿಕ್ಟ್ ಅಂದರೆ ನಮ್ಮ ಕಡೆಯ ಜಿಲ್ಲೆ ಅಲ್ಲ, ಕಾಲೇಜು ನಡೆಸುವುದಕ್ಕೆಂದೇ ಇರುವ ಸ್ಥಳೀಯ ಸಂಸ್ಥೆ. ಕ್ಯುಪರ್ಟಿನೊದ ಡಿ ಆನ್ಜಾ ಮತ್ತು ಲಾಸ್ ಆಲ್ಟೋಸ್ ಹಿಲ್ಸ್‌ನ ಫುಟ್‌ಹಿಲ್ ಎರಡೂ ಒಂದೇ ಡಿಸ್ಟ್ರಿಕ್ಟಿಗೆ ಸೇರಿದವು. ರಾಜ್ಯದ ನಿವಾಸಿಗಳಿಗೆ ಫೀಸು ಒಂದು ಸೆಮಿಸ್ಟರ್ ಯೂನಿಟ್ಟಿಗೆ (ಕೋರ್ಸಿನ ಗಾತ್ರ ಅಳೆಯುವ ಲೆಕ್ಕ) 46 ಡಾಲರ್. 2012ರಿಂದ ಅಷ್ಟೇ ಇದೆ. ಡಿ ಆನ್ಜಾ, ಫುಟ್‌ಹಿಲ್‌ನಂಥ ಕ್ವಾರ್ಟರ್ ಕಾಲೇಜುಗಳಲ್ಲಿ, ಅಂದರೆ ಸೆಮಿಸ್ಟರಿಗಿಂತ ಚಿಕ್ಕ ಟರ್ಮುಗಳಿರುವ ಕಡೆ, ಅದೇ ಲೆಕ್ಕಕ್ಕೆ ಯೂನಿಟ್ಟಿಗೆ 31 ಡಾಲರ್. ಎಚ್-1ಬಿ, ಎಚ್-4ನಲ್ಲಿರುವವರು ರಾಜ್ಯದಲ್ಲಿ ಒಂದು ವರ್ಷಕ್ಕಿಂತ ಜಾಸ್ತಿ ವಾಸವಿದ್ದು, ಇಲ್ಲೇ ನೆಲೆಸುವ ಉದ್ದೇಶವನ್ನು ಕಾಗದಪತ್ರಗಳಲ್ಲಿ ತೋರಿಸಿದರೆ ಈ ಫೀಸಿಗೆ ಅರ್ಹರಾಗಬಹುದು. ಎಫ್-1ನವರಿಗೆ, ಅಂದರೆ ವಿದ್ಯಾರ್ಥಿ ವೀಸಾದವರಿಗೆ, ಸಾಮಾನ್ಯವಾಗಿ ಹೊರಗಿನವರ ಫೀಸು, ಅದು ತುಂಬಾ ಹೆಚ್ಚು. ಹಾಗಾಗಿ 21 ವರ್ಷ ತುಂಬಿ ಎಚ್-4ನಿಂದ ಎಫ್-1ಗೆ ಹೋಗಬೇಕಾದ ಮಕ್ಕಳಿದ್ದರೆ, ವೀಸಾ ಬದಲಾಗುವ ಮೊದಲೇ ಅಡ್ಮಿಷನ್ಸ್ ಆಫೀಸಿನಲ್ಲಿ ಕೂತು ವಿಚಾರಿಸಿ.

ಫೀಸಿನ ವಿಷಯ ಎಲ್ಲರೂ ಕೇಳುತ್ತಾರೆ. ಕೇಳದೇ ಇರುವುದು ಎಜುಕೇಷನ್ ಪ್ಲ್ಯಾನ್ ಬಗ್ಗೆ, ಅಂದರೆ ಯಾವ ಟರ್ಮಿನಲ್ಲಿ ಯಾವ ಕೋರ್ಸು ಅಂತ ಬರೆದಿಡುವ ಪಟ್ಟಿಯ ಬಗ್ಗೆ. ನಮ್ಮಲ್ಲಿ ಬಿ.ಕಾಂ.ಗೆ ಸೇರಿದರೆ ಮೂರು ವರ್ಷದ ಪೇಪರುಗಳನ್ನು ಯೂನಿವರ್ಸಿಟಿಯೇ ಗೊತ್ತುಮಾಡಿರುತ್ತಿತ್ತು, ನಾವು ಹೋಗಿ ಕೂತರೆ ಸಾಕಾಗಿತ್ತು. ಇಲ್ಲಿ ಯಾರೂ ನಿಮಗೆ ಟೈಮ್‌ಟೇಬಲ್ ಕೈಗೆ ಕೊಡುವುದಿಲ್ಲ. ಯಾವ ಕೋರ್ಸು, ಯಾವ ಟರ್ಮು, ಯಾವುದರ ಮೊದಲು ಯಾವುದು, ಎಲ್ಲ ನೀವೇ ಆರಿಸಬೇಕು. ಎಷ್ಟೋ ಮಕ್ಕಳು ಖಾಲಿ ಇದ್ದ ಕ್ಲಾಸುಗಳನ್ನೆಲ್ಲ ತೆಗೆದುಕೊಂಡು, ಎರಡು ವರ್ಷ ಆದ ಮೇಲೆ ಅದರಲ್ಲಿ ಅರ್ಧ ತಮ್ಮ ಮೇಜರಿಗೆ (ಓದುವ ಮುಖ್ಯ ವಿಷಯಕ್ಕೆ) ಬೇಕೇ ಇರಲಿಲ್ಲ ಅಂತ ತಿಳಿದು ಅಳುತ್ತಾರೆ.

ಇದನ್ನು ತಪ್ಪಿಸಬೇಕು ಅಂತಲೇ 2012ರಲ್ಲಿ ರಾಜ್ಯ ಸ್ಟೂಡೆಂಟ್ ಸಕ್ಸಸ್ ಆಕ್ಟ್ ಅನ್ನುವ ಕಾನೂನು ತಂದಿತು. ಹೊಸದಾಗಿ ಸೇರುವವರು ಓರಿಯಂಟೇಷನ್ ಮುಗಿಸಬೇಕು, ಇಂಗ್ಲಿಷ್ ಮತ್ತು ಮ್ಯಾತ್ಸ್‌ನಲ್ಲಿ ಎಲ್ಲಿಂದ ಶುರು ಮಾಡುವುದು ಅಂತ ಗೊತ್ತುಮಾಡಿಕೊಳ್ಳಬೇಕು, ಕೌನ್ಸೆಲರ್, ಅಂದರೆ ಓದಿನ ದಾರಿ ಹೇಳುವ ಕಾಲೇಜಿನ ಸಲಹೆಗಾರರ ಜೊತೆ ಕೂತು ಪ್ಲ್ಯಾನ್ ಮಾಡಿಸಬೇಕು. ಇವನ್ನೆಲ್ಲ ಮಾಡಿದವರಿಗೆ ರಿಜಿಸ್ಟ್ರೇಷನ್ ಬೇಗ ತೆರೆಯುತ್ತದೆ. ಬೇಗ ಅಂದರೆ ಏನು ಲಾಭ ಅಂತೀರಾ? ಕೆಮಿಸ್ಟ್ರಿ ಲ್ಯಾಬ್, ಅನಾಟಮಿ, ಕ್ಯಾಲ್ಕುಲಸ್ ಸೀಟುಗಳು ಮೊದಲ ದಿನಗಳಲ್ಲೇ ತುಂಬಿಹೋಗುತ್ತವೆ. ಒಂದು ಟರ್ಮ್ ತಪ್ಪಿದರೆ ಅದರ ಮುಂದಿನ ಕೋರ್ಸೂ ತಪ್ಪುತ್ತದೆ. ಸತತ ಎರಡು ಟರ್ಮ್ ಅಂಕ ಕೆಟ್ಟರೆ, ಅಥವಾ ಯೂನಿಟ್ಟುಗಳು 100 ದಾಟಿದರೆ ಈ ಆದ್ಯತೆ ಕೈತಪ್ಪಬಹುದು. ಹಾಗಾಗಿ ಸುಮ್ನೆ ಕ್ಲಾಸು ತೆಗೆದುಕೊಳ್ಳಬೇಡಿ.

ಪ್ಲ್ಯಾನ್‌ನಲ್ಲಿ ಎರಡು ಥರ ಇದೆ. ಒಂದೆರಡು ಟರ್ಮಿಗೆ ಮಾಡುವ ಚಿಕ್ಕದು, ಗುರಿ ಮುಟ್ಟುವ ತನಕದ ಪೂರ್ತಿ ಪ್ಲ್ಯಾನ್ ಇನ್ನೊಂದು. ಓರಿಯಂಟೇಷನ್ ದಿನ ಕೈಗೆ ಬರುವುದು ಸಾಮಾನ್ಯವಾಗಿ ಚಿಕ್ಕದು. ಅದನ್ನೇ ಹಿಡಿದುಕೊಂಡು ಪ್ಲ್ಯಾನ್ ಆಯಿತು ಅಂದುಕೊಳ್ಳಬೇಡಿ, ಪೂರ್ತಿಯದು ಬೇಕು ಅಂತ ಬಾಯಿಬಿಟ್ಟು ಕೇಳಿ. ಟರ್ಮ್ ಶುರುವಾಗುವ ವಾರಗಳಲ್ಲಿ ಕೌನ್ಸೆಲರ್ ಬಾಗಿಲಲ್ಲಿ ಕ್ಯೂ ಇರುತ್ತದೆ, ಹತ್ತು ನಿಮಿಷವೂ ಸಿಗುವುದು ಕಷ್ಟ. ಟರ್ಮಿನ ನಡುವೆ ಹೋದರೆ ಸಮಾಧಾನವಾಗಿ ಮಾತಾಡುತ್ತಾರೆ. ಊರಲ್ಲಿ ಓದಿದವರು ಮಾರ್ಕ್ಸ್ ಕಾರ್ಡುಗಳನ್ನೆಲ್ಲ ತೆಗೆದುಕೊಂಡು ಹೋಗಿ. ಅದರ ಜೊತೆ, ವಿದೇಶಿ ಪದವಿಗಳನ್ನು ಇಲ್ಲಿಯ ಲೆಕ್ಕಕ್ಕೆ ತರುವ ಸಂಸ್ಥೆಗಳಲ್ಲಿ ಯಾವುದರ ವರದಿಯನ್ನು ನಿಮ್ಮ ಕಾಲೇಜು ಒಪ್ಪುತ್ತದೆ ಅಂತ ಮೊದಲೇ ಕೇಳಿಕೊಳ್ಳಿ, ಆಮೇಲೆ ದುಡ್ಡು ಕಟ್ಟಿ.

ಅಪ್ಪ ಅಮ್ಮಂದಿರಿಗೆ ಒಂದು ಮಾತು. ಮಗುವಿಗೆ 17 ವರ್ಷವೇ ಇರಲಿ, ಕಾಲೇಜಿಗೆ ಸೇರಿದ ಮೇಲೆ ಅದರ ದಾಖಲೆಗಳ ಹಕ್ಕು ಮಗುವಿನದೇ, ಇದು ದೇಶದ ಕಾನೂನು. ನೀವು ಫೋನ್ ಮಾಡಿ ಅಂಕ ಕೇಳಿದರೆ ಅವರು ಹೇಳುವುದಿಲ್ಲ. ಅದರಲ್ಲಿ ಅವಮಾನ ಏನೂ ಇಲ್ಲ. ಮಗುವನ್ನೇ ಮುಂದೆ ಬಿಟ್ಟು, ಮಾತಾಡುವುದನ್ನು ಅದಕ್ಕೇ ಕಲಿಸಿ.

ಯುಸಿಗೆ, ಅಂದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಗೆ, ಹೋಗಬೇಕು ಅನ್ನುವ ಮಕ್ಕಳಿಗೆ ಟ್ಯಾಗ್ (ಟ್ರಾನ್ಸ್‌ಫರ್ ಅಡ್ಮಿಷನ್ ಗ್ಯಾರಂಟಿ) ಅಂತ ಒಂದು ದಾರಿ ಇದೆ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂತಾ ಬಾರ್ಬರಾ, ಸಾಂತಾ ಕ್ರೂಝ್, ಈ ಆರು ಕ್ಯಾಂಪಸ್‌ಗಳು ತಮ್ಮ ಷರತ್ತು ಪೂರೈಸಿದ ಕಮ್ಯುನಿಟಿ ಕಾಲೇಜು ವಿದ್ಯಾರ್ಥಿಗೆ ಸೀಟಿನ ಖಾತ್ರಿ ಕೊಡುತ್ತವೆ. ಬರ್ಕ್ಲಿ, ಎಲ್ಎ, ಸ್ಯಾನ್ ಡಿಯಾಗೋ ಇದರಲ್ಲಿಲ್ಲ. ಟ್ಯಾಗ್ ಅರ್ಜಿ ಒಂದೇ ಕ್ಯಾಂಪಸ್ಸಿಗೆ ಹಾಕಬಹುದು, ಸೆಪ್ಟೆಂಬರ್ ತಿಂಗಳಲ್ಲಿ ಹಾಕಬೇಕು. ಕಂಪ್ಯೂಟರ್ ಸೈನ್ಸ್‌ನಂಥ ಮೇಜರ್‌ಗಳಿಗೆ ಎಲ್ಲ ಕಡೆ ಈ ಖಾತ್ರಿ ಸಿಗುವುದಿಲ್ಲ, ಅದಕ್ಕೇ ಆಯಾ ಕ್ಯಾಂಪಸ್ಸಿನ ಪಟ್ಟಿ ನೋಡಿಯೇ ಪ್ಲ್ಯಾನ್ ಬರೆಸಿ. ನಿಮ್ಮ ಕಾಲೇಜಿನ ಯಾವ ಕೋರ್ಸು ಅಲ್ಲಿಯ ಯಾವುದಕ್ಕೆ ಸಮ ಅನ್ನುವುದು ಅಸಿಸ್ಟ್ ಅನ್ನುವ ಜಾಲತಾಣದಲ್ಲಿ ಸಿಗುತ್ತದೆ.

ಇಷ್ಟು ಮಾಡಿದರೂ ಪ್ಲ್ಯಾನ್ ಕೈಕೊಡಬಹುದು. ನನಗೆ ಆದದ್ದು ಅದೇ. ನನ್ನ ಸರ್ಟಿಫಿಕೇಟಿಗೆ ಕೊನೆಯ ಒಂದು ಕೋರ್ಸು ಬಾಕಿ ಇತ್ತು. ಸಂಜೆ ಕ್ಲಾಸಿಗೆ ಹೆಸರು ಹಾಕಿದ್ದೆ. ಟರ್ಮ್ ಶುರುವಾಗಲು ಒಂದು ವಾರ ಇದ್ದಾಗ, ಜನ ಸಾಲದು ಅಂತ ಅದನ್ನು ರದ್ದು ಮಾಡಿದರು. ಉಳಿದದ್ದು ಮಧ್ಯಾಹ್ನ ಎರಡರ ಕ್ಲಾಸು, ಮಗಳನ್ನು ಸ್ಕೂಲಿನಿಂದ ಕರೆತರುವ ಹೊತ್ತು. ನಮ್ಮೂರಲ್ಲಾಗಿದ್ದರೆ ಪ್ರಿನ್ಸಿಪಾಲರ ರೂಮಿನ ಹೊರಗೆ ಅರ್ಜಿ ಹಿಡಿದು ನಿಲ್ಲುತ್ತಿದ್ದೆ. ಇಲ್ಲಿ ಯಾರ ಹತ್ತಿರ ಹೋಗಬೇಕು ಅನ್ನುವುದೇ ಗೊತ್ತಿರಲಿಲ್ಲ. ಜೊತೆಗೆ ಓದುತ್ತಿದ್ದ ಒಬ್ಬ ಮೆಕ್ಸಿಕನ್ ಗೆಳತಿ "ಬೋರ್ಡ್ ಮೀಟಿಂಗಿಗೆ ಹೋಗಿ ಹೇಳೋಣ, ಬಾ" ಅಂದಳು.

ಇಲ್ಲಿಂದ ಮುಂದೆ ಕಾಲೇಜಿನ ಆಡಳಿತದ ಕತೆ. ಇದು ಗೊತ್ತಿರಲೇಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ.

ಡಿಸ್ಟ್ರಿಕ್ಟಿನ ಮೇಲೆ ಒಂದು ಬೋರ್ಡ್ ಇರುತ್ತದೆ, ಅದರ ಟ್ರಸ್ಟಿಗಳನ್ನು ಸ್ಥಳೀಯ ಮತದಾರರೇ ಆರಿಸುತ್ತಾರೆ. ಅವರ ಜೊತೆ ವಿದ್ಯಾರ್ಥಿಗಳು ಆರಿಸಿದ ಸ್ಟೂಡೆಂಟ್ ಟ್ರಸ್ಟಿಯೂ ಕೂರುತ್ತಾರೆ. ಆ ವಿದ್ಯಾರ್ಥಿಯ ಮತ ಲೆಕ್ಕಕ್ಕೆ ಬರುವುದಿಲ್ಲ, ಸಲಹೆಯಷ್ಟೇ, ಆದರೆ ಮಾತಾಡಬಹುದು. ಮೊದಲೆಲ್ಲ ಈ ಕಾಲೇಜುಗಳು ಹೈಸ್ಕೂಲುಗಳ ಬಾಲದ ಹಾಗೇ ಇದ್ದವು, ಆಡಳಿತವೂ ಸ್ಕೂಲಿನದೇ ಥರ ಮೇಲಿನಿಂದ ಕೆಳಗೆ ಬರುತ್ತಿತ್ತು. 1988ರಲ್ಲಿ ಎಬಿ 1725 ಅನ್ನುವ ಕಾನೂನು ಬಂತು, ಜಾನ್ ವಾಸ್ಕೊನ್ಸೆಲೋಸ್ ಅನ್ನುವ ಶಾಸಕರು ತಂದದ್ದು. ಮೇಷ್ಟರುಗಳು, ಆಫೀಸಿನ ಸಿಬ್ಬಂದಿ, ವಿದ್ಯಾರ್ಥಿಗಳು, ಇವರೆಲ್ಲರಿಗೂ ಆಡಳಿತದಲ್ಲಿ ಪಾಲು ಇರಬೇಕು ಅಂತ ಅದು ಹೇಳಿತು. ಇದನ್ನೇ ಶೇರ್ಡ್ ಗವರ್ನೆನ್ಸ್ ಅನ್ನುತ್ತಾರೆ. ನಮ್ಮ ಸರ್ಕಾರಿ ಶಾಲೆಗಳ ಎಸ್‌ಡಿಎಂಸಿ ನೆನಪಿದೆಯಲ್ಲ, ಮಕ್ಕಳ ತಂದೆತಾಯಿಗಳೇ ಸದಸ್ಯರಾಗುವ ಸಮಿತಿ? ಆ ಆಸೆಯೇ ಇಲ್ಲಿಯೂ ಇದೆ, ಆದರೆ ಇಲ್ಲಿ ಯಾರ ಮಾತಿಗೆ ಎಷ್ಟು ತೂಕ ಅನ್ನುವುದನ್ನೂ ನಿಯಮದಲ್ಲಿ ಬರೆದಿಟ್ಟಿದ್ದಾರೆ.

ಪಠ್ಯ, ಡಿಗ್ರಿಗೆ ಬೇಕಾದ ಕೋರ್ಸು, ಗ್ರೇಡ್ ನೀತಿ, ಇಂಥ ವಿಷಯಗಳಲ್ಲಿ ಮೇಷ್ಟರುಗಳ ಅಕಾಡೆಮಿಕ್ ಸೆನೆಟ್‌ನದು ದೊಡ್ಡ ಮಾತು. ಆ ಪಟ್ಟಿಯಲ್ಲಿ ಹತ್ತು ವಿಷಯಗಳಿವೆ, ಜೊತೆಗೆ ಬೋರ್ಡ್ ಮತ್ತು ಸೆನೆಟ್ ಎರಡೂ ಒಪ್ಪಿ ಸೇರಿಸುವ ಇತರ ವಿಷಯಗಳು, ಅದಕ್ಕೇ ಎಲ್ಲರೂ ಟೆನ್ ಪ್ಲಸ್ ಒನ್ ಅನ್ನುವುದು. ವಿದ್ಯಾರ್ಥಿಗಳಿಗೂ ಅಂಥದ್ದೇ ಒಂದು ಪಟ್ಟಿ ಇದೆ, ನೈನ್ ಪ್ಲಸ್ ಒನ್. ಕೋರ್ಸು ಶುರು ಮಾಡುವುದು ನಿಲ್ಲಿಸುವುದು, ಬಜೆಟ್ ತಯಾರಿಯ ಕ್ರಮ, ವಿದ್ಯಾರ್ಥಿ ಸೇವೆಗಳು, ಶಿಸ್ತಿನ ನಿಯಮ, ಫೀಸು, ಎಲ್ಲ ಅದರಲ್ಲಿವೆ. ಈ ವಿಷಯಗಳಲ್ಲಿ ತೀರ್ಮಾನ ಮಾಡುವ ಮೊದಲು ವಿದ್ಯಾರ್ಥಿಗಳನ್ನು ಕೇಳಲೇಬೇಕು, ಅವರ ಸಲಹೆಯನ್ನು ಗಂಭೀರವಾಗಿ ನೋಡಲೇಬೇಕು. ತಡೆಯುವ ಅಧಿಕಾರ ಮಾತ್ರ ಕೊಟ್ಟಿಲ್ಲ.

ಸರಿ, ಬೋರ್ಡ್ ಮೀಟಿಂಗಿಗೆ ಹೋದೆವು. ಬ್ರೌನ್ ಆಕ್ಟ್ ಅಂತ 1953ರ ಕಾನೂನೊಂದಿದೆ. ಮಾಮೂಲಿ ಮೀಟಿಂಗಿನ ಅಜೆಂಡಾವನ್ನು 72 ಗಂಟೆ ಮುಂಚೆ ಎಲ್ಲರಿಗೂ ಕಾಣುವ ಹಾಗೆ ಹಾಕಬೇಕು, ಸಾರ್ವಜನಿಕರು ಬಂದು ಮಾತಾಡಲು ಅವಕಾಶ ಕೊಡಬೇಕು. ಯಾವ ದೇಶದ ಪಾಸ್‌ಪೋರ್ಟು, ಯಾವ ವೀಸಾ ಅಂತ ಯಾರೂ ಕೇಳುವುದಿಲ್ಲ. ಒಳಗೆ ಕೂರಲು ಹೆಸರು ಬರೆಯಲೇಬೇಕು ಅಂತ ಬಲವಂತ ಮಾಡುವ ಹಾಗೂ ಇಲ್ಲ. ನನಗೆ ಮೂರು ನಿಮಿಷ ಕೊಟ್ಟರು. ಚೀಟಿ ನೋಡಿಕೊಂಡೇ ಓದಿದೆ: ಕೋರ್ಸಿನ ಹೆಸರು, ರದ್ದಾದ ದಿನ, ಇದರಿಂದ ತೊಂದರೆಯಾದ ನಮ್ಮ ಕ್ಲಾಸಿನ ಒಂಬತ್ತು ತಾಯಂದಿರ ಲೆಕ್ಕ. ಮುಗಿಸಿದಾಗ ಟ್ರಸ್ಟಿಗಳಲ್ಲಿ ಒಬ್ಬರೂ ಉತ್ತರ ಕೊಡಲಿಲ್ಲ. ನನಗೆ ಎದೆ ಒಡೆದಂತಾಯಿತು. ಆಮೇಲೆ ತಿಳಿಯಿತು, ಅಜೆಂಡಾದಲ್ಲಿ ಇಲ್ಲದ ವಿಷಯವನ್ನು ಅವರು ಅಲ್ಲಿ ಚರ್ಚಿಸುವ ಹಾಗೇ ಇಲ್ಲ, ಕಾನೂನೇ ಹಾಗಿದೆ. ಆ ಮೌನ ನೋಡಿ ಎಷ್ಟು ಜನ ಮತ್ತೆ ಬರದೇ ಹೋಗಿರಬಹುದು ಅಂತ ಈಗಲೂ ಬೇಜಾರಾಗುತ್ತದೆ. ನೀವು ಹಾಗೆ ಬಿಟ್ಟುಬಿಡಬೇಡಿ.

ಎರಡು ದಿನ ಬಿಟ್ಟು ಡೀನ್ ಆಫೀಸಿನಿಂದ ಇಮೇಲ್ ಬಂತು. ಅಲ್ಲಿ ಹೋಗಿ ಮಾತಾಡಿದಾಗ ಒಳಗಿನ ದಾರಿ ಗೊತ್ತಾಯಿತು. ಪ್ರತಿ ವಿಭಾಗವೂ ಪ್ರೋಗ್ರಾಂ ರಿವ್ಯೂ ಅಂತ ಬರೆಯುತ್ತದೆ, ತಮ್ಮ ವಿದ್ಯಾರ್ಥಿಗಳು ಹೇಗಿದ್ದಾರೆ, ಏನು ಬೇಕು ಅಂತ. ದುಡ್ಡು, ಮೇಷ್ಟರು, ಹೊಸ ಕ್ಲಾಸು, ಇವನ್ನೆಲ್ಲ ಕೇಳುವುದು ಅದರ ಮೂಲಕ. ಅದು ಸಮಿತಿಗಳಿಗೆ ಹೋಗಿ, ಕಾಲೇಜಿನ ಕೌನ್ಸಿಲ್ ದಾಟಿ, ಅಧ್ಯಕ್ಷರ ಹತ್ತಿರ ಹೋಗುತ್ತದೆ. ಬೋರ್ಡ್ ಮೀಟಿಂಗಿಗೆ ಬರುವ ಹೊತ್ತಿಗೆ ಬಹಳಷ್ಟು ಕೆಳಗೇ ತೀರ್ಮಾನವಾಗಿರುತ್ತದೆ. ಅಂದರೆ ನಾವು ಹೋಗಬೇಕಾದದ್ದು ಆ ಸಮಿತಿಗಳಿಗೆ. ಅಲ್ಲಿ ವಿದ್ಯಾರ್ಥಿಗಳಿಗೆ ಕುರ್ಚಿ ಇರುತ್ತದೆ, ಹೆಸರು ಕಳಿಸುವುದು ವಿದ್ಯಾರ್ಥಿ ಸಂಘ. ನಾನು ವಿದ್ಯಾರ್ಥಿ ಸಂಘಕ್ಕೆ ಇಮೇಲ್ ಮಾಡಿದೆ. ಆ ಕುರ್ಚಿ ಎಷ್ಟೋ ತಿಂಗಳಿಂದ ಖಾಲಿ ಇತ್ತು. ಮುಂದಿನ ವಾರವೇ ನನ್ನನ್ನು ಸೇರಿಸಿಕೊಂಡರು.

ಅಲ್ಲಿ ಕೂತಾಗ ಈಕ್ವಿಟಿ ಪ್ಲ್ಯಾನ್ ನೋಡಿದೆ. ಎಷ್ಟು ಜನ ಸೇರಿದರು, ಮೊದಲ ವರ್ಷದಲ್ಲೇ ಇಂಗ್ಲಿಷ್ ಮ್ಯಾತ್ಸ್ ಮುಗಿಸಿದರು, ಮುಂದಿನ ಟರ್ಮಿಗೆ ಉಳಿದರು, ಪದವಿ ಪಡೆದರು, ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಆದರು, ಇವನ್ನೆಲ್ಲ ಜನಾಂಗ, ಲಿಂಗ ಹೀಗೆ ಬಿಡಿಸಿ ನೋಡಿ, ಹಿಂದೆ ಬಿದ್ದವರಿಗೆ ಏನು ಮಾಡಬೇಕು ಅಂತ ಬರೆದಿರುತ್ತಾರೆ. ನಾವು ಅದರಲ್ಲಿ ಏಷ್ಯನ್ ಅನ್ನುವ ಒಂದೇ ಕಾಲಮ್ಮಿನಲ್ಲಿದ್ದೆವು. ಆ ಅಂಕಿ ಚೆನ್ನಾಗೇ ಇತ್ತು. ಆದರೆ ಮದುವೆಯಾಗಿ ಬಂದು, ಹತ್ತು ವರ್ಷದ ನಂತರ ಪುಸ್ತಕ ಹಿಡಿದ ಹೆಂಗಸು ಆ ಅಂಕಿಯಲ್ಲಿ ಎಲ್ಲಿ ಕಾಣುತ್ತಾಳೆ? ನಾನು ಅದನ್ನೇ ಕೇಳಿದೆ. ವಯಸ್ಸು ಮತ್ತು ಕ್ಲಾಸಿನ ಹೊತ್ತಿನ ಪ್ರಕಾರ ಬಿಡಿಸಿ ತೋರಿಸಿ ಅಂದೆ. ಮುಂದಿನ ಮೀಟಿಂಗಿಗೆ ತಂದು ತೋರಿಸಿದರು. ಸಂಜೆ ಕ್ಲಾಸಿನವರು ಮಧ್ಯೆ ಬಿಟ್ಟುಹೋಗುವುದು ಎಲ್ಲರ ಕಣ್ಣಿಗೂ ಕಂಡಿತು. ಕ್ಲಾಸು ರದ್ದಾಗಿ ತೊಂದರೆಯಾಗಿದ್ದ ನಮ್ಮ ಒಂಬತ್ತು ತಾಯಂದಿರಲ್ಲಿ ಇಬ್ಬರು ಅಷ್ಟರಲ್ಲಿ ಓದು ಬಿಟ್ಟಿದ್ದರು, ಅದೊಂದು ನನ್ನ ಮನಸ್ಸಿನಿಂದ ಹೋಗಿಲ್ಲ.

ಮರುವರ್ಷ ಆ ಕೋರ್ಸು ಸಂಜೆ ಆರೂವರೆಗೆ ಬಂತು, ಕೌನ್ಸೆಲರ್ ಆಫೀಸು ವಾರಕ್ಕೆ ಒಂದು ದಿನ ರಾತ್ರಿ ಏಳರ ತನಕ ತೆರೆಯಿತು. ಕೇಳಿದ್ದು ಎರಡು ದಿನ, ಸಿಕ್ಕಿದ್ದು ಒಂದು.

ಪೂಜೆಯ ಮನೆಯಲ್ಲಿ ಸಿಕ್ಕಿದ್ದ ಅವರ ಮಗ ಮೊನ್ನೆ ನನಗೆ ಫೋನ್ ಮಾಡಿದ್ದ. ಪೂರ್ತಿ ಪ್ಲ್ಯಾನಿಗೆ ಕೌನ್ಸೆಲರ್ ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದಾನಂತೆ. ವಿದ್ಯಾರ್ಥಿ ಸಂಘದ ಮೀಟಿಂಗ್ ಯಾವಾಗ ಅಂತಲೂ ಕೇಳಿದ. ಅಜೆಂಡಾ ಎಲ್ಲಿ ಹಾಕುತ್ತಾರೆ ಅಂತ ಹೇಳಿದ್ದೇನೆ, ಹೋಗಿ ನೋಡುತ್ತೇನೆ ಅಂದ.