ಓಟಿ ಬಿಟ್ಟೆವು, 12(3) ಬಂತು

‘ಗೇಟು ಮುಚ್ಚದೆ ಸಂಬಳ ಏರಿಸಿಕೊಂಡ ಸಂಘ ಎಲ್ಲಿದೆ, ತೋರಿಸಪ್ಪ’ ಎಂದು ಬಿಡದಿ ಕಡೆಯ ಹಿರಿಯ ಮುಖಂಡರೊಬ್ಬರು ತುಂಬಿದ ಸಭೆಯಲ್ಲಿ ನನ್ನನ್ನು ಗೇಲಿ ಮಾಡಿದ್ದರು. ನಮ್ಮ ಸಂಘದ 2018ರ 12(3) ಒಪ್ಪಂದದ, ಅಂದರೆ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಯ ಮುಂದೆ ಆದ ವೇತನ ಒಪ್ಪಂದದ ಪ್ರತಿಯನ್ನು ಅವರಿಗೆ ಅಂಚೆಯಲ್ಲಿ ಕಳುಹಿಸಿದವನು ನಾನೇ.

ನಮ್ಮದು ಹಾಸನದಲ್ಲಿ ಕಾರಿನ ರಬ್ಬರ್ ಬಿಡಿಭಾಗ ಮಾಡುವ ಕಾರ್ಖಾನೆ. ಆಗ ಕಾಯಂ ನೌಕರರು ಸುಮಾರು 280. ಗೇಟು ಮುಚ್ಚುವ, ಅಂದರೆ ಮುಷ್ಕರದ ದಾರಿಯನ್ನೂ ನೋಡಿದವರೇ ನಾವು. 2015ರಲ್ಲಿ ನೋಟಿಸ್ ಕೊಡದೆ ಒಂದೇ ಒಂದು ದಿನ ಕೆಲಸ ನಿಲ್ಲಿಸಿ ಎಂಟು ದಿನದ ಸಂಬಳ ಕಳೆದುಕೊಂಡೆವು. ಆಗಿನ ವೇತನ ಪಾವತಿ ಕಾಯ್ದೆಯಲ್ಲಿ ಅಂಥ ಕಡಿತಕ್ಕೆ ಜಾಗವಿತ್ತು ಎಂಬುದು ಚೀಟಿ ಕೈಗೆ ಬಂದಾಗಲೇ ತಿಳಿದದ್ದು. ಸಾಲದ್ದಕ್ಕೆ ಅದು ಆಲೂಗೆಡ್ಡೆ ಕೀಳುವ ಕಾಲ. ಗೇಟಿನ ಮುಂದೆ ಕೂರಬೇಕಾದ ಅರ್ಧ ಜನ ಹೊಲದಲ್ಲಿದ್ದರು.

ದಾರಿ ಹೊಳೆದದ್ದು ಲಾರಿ ಚಾಲಕರ ಜೊತೆ ಚಹಾ ಕುಡಿಯುವಾಗ. ಕಾರು ಕಂಪನಿಯವರು ದಾಸ್ತಾನು ಇಡುವುದು ಒಂದೂವರೆ ದಿನಕ್ಕೆ ಸಾಲುವಷ್ಟು ಮಾತ್ರ. ದಸರಾ–ದೀಪಾವಳಿಗೆ ಮುಂಚೆ ಏರುವ ಬೇಡಿಕೆಯನ್ನು ನಾವು ಪೂರೈಸುತ್ತಿದ್ದದ್ದು ಓಟಿಯಲ್ಲಿ, ಅಂದರೆ ಪಾಳಿ ಮುಗಿದ ಮೇಲಿನ ಹೆಚ್ಚುವರಿ ದುಡಿಮೆಯಲ್ಲಿ. ಹಾಗಾಗಿ ಪಾಳಿಯ ಟಾರ್ಗೆಟ್ ಪೂರ್ತಿ ಕೊಟ್ಟು, ಗಂಟೆ ಹೊಡೆದ ಕೂಡಲೇ ಬಸ್ಸು ಹತ್ತಿದೆವು. ಆಡಳಿತ ಇದು ‘ಗೋ ಸ್ಲೋ’, ಬೇಕೆಂದೇ ಕೆಲಸ ನಿಧಾನ ಮಾಡುತ್ತಿದ್ದೀರಿ ಎಂದು ಪತ್ರ ಬರೆಯಿತು. ಗಂಟೆಗಂಟೆಯ ಉತ್ಪಾದನೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆವು. ಸಂಧಾನಾಧಿಕಾರಿಯ ಮುಂದೆ ಅದನ್ನೇ ಬಿಚ್ಚಿದೆ. ಅಪ್ಪಣೆ ಎಂಬುದೇ ಇಲ್ಲದೆ 280 ಜನ ಒಂದೇ ದಿನ ‘ಓಟಿ ಬೇಡ’ ಎಂದದ್ದು ಹೇಗೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಆಡಳಿತದವರೂ ಕನ್ನಡ ಓದುತ್ತಾರೆ.

ನಡುವೆ ಕ್ಯಾಂಟೀನ್ ಊಟ ಬಿಡುವುದನ್ನೂ ಪ್ರಯತ್ನಿಸಿದೆವು. ಮೂರನೆಯ ದಿನ ರಾತ್ರಿ ಪಾಳಿಯ ಹುಡುಗನೊಬ್ಬ ತಲೆಸುತ್ತಿ ಬಿದ್ದ, ಅಲ್ಲಿಗೆ ಕೈಬಿಟ್ಟೆ. ವಾಟ್ಸಾಪ್ ಗುಂಪಿನ ಮಾತು ಹತ್ತು ನಿಮಿಷದಲ್ಲಿ ಎಚ್‌ಆರ್ ಕೋಣೆ ಸೇರುತ್ತಿತ್ತು. ಅದನ್ನು ಅಳಿಸಿ ಆಲೂರು, ಅರಕಲಗೂಡು, ಹೊಳೆನರಸೀಪುರದ ಕಂಪನಿ ಬಸ್ಸುಗಳಿಗೆ ಒಬ್ಬೊಬ್ಬ ಜವಾಬ್ದಾರನನ್ನು ಇಟ್ಟೆವು. ಭಾನುವಾರ ಅವರೆಲ್ಲ ಮಹಾರಾಜ ಪಾರ್ಕಿನಲ್ಲಿ ಸೇರುತ್ತಿದ್ದರು.

ಹಣದ ಮಾತು. ಒಂದೂವರೆ ವರ್ಷ ಮೊದಲಿನಿಂದಲೇ ತಿಂಗಳಿಗೆ 200 ರೂಪಾಯಿಯಂತೆ ಕೂಡಿಸಿದ್ದೆವು, ಹತ್ತು ಲಕ್ಷದ ಹತ್ತಿರ. ಓಟಿಗೆ ಇಮ್ಮಡಿ ಕೂಲಿಯಲ್ಲವೇ, ಅದು ತಪ್ಪಿದಾಗ ಕಂತು ಕಟ್ಟುವವರು ನನಗೆ ಶಾಪ ಹಾಕಿದರು. ಅವರಿಗೆ ಕೊಟ್ಟು ಆರು ಲಕ್ಷ ಕರಗಿತು. ಅತ್ತ ಎರಡನೆಯ ವಾರದಿಂದ ಕಂಪನಿ ತಡವಾದ ಬಿಡಿಭಾಗ ಮುಟ್ಟಿಸಲು ಚೆನ್ನೈಗೆ ದಿನಕ್ಕೆರಡು ವಿಶೇಷ ಗಾಡಿ ಓಡಿಸತೊಡಗಿತು. ಒಂದೊಂದರ ಬಾಡಿಗೆ ಇಪ್ಪತ್ತು ಸಾವಿರದ ಆಸುಪಾಸು. ಹತ್ತೊಂಬತ್ತನೆಯ ದಿನ ಮಾತುಕತೆಗೆ ಕರೆ ಬಂತು.

ಆಡಳಿತದವರು 18(1)ಕ್ಕೆ ಸಹಿ ಮಾಡಿ ಎಂದರು. ಆಗಿನ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಅದು ಸಹಿ ಹಾಕಿದವರನ್ನು ಮಾತ್ರ ಕಟ್ಟಿಹಾಕುತ್ತಿದ್ದ ಒಪ್ಪಂದ. ಆಡಳಿತವೇ ಸಾಕಿದ ಇನ್ನೊಂದು ಸಂಘ ಪಕ್ಕದಲ್ಲಿದ್ದಾಗ ಅದಕ್ಕೆ ಒಪ್ಪುವಷ್ಟು ದಡ್ಡ ನಾನಲ್ಲ. ಎಲ್ಲ ನೌಕರರಿಗೂ ಅನ್ವಯಿಸುತ್ತಿದ್ದ 12(3)ನ್ನೇ ಹಿಡಿದೆ. ತಿಂಗಳ ಸಂಬಳದಲ್ಲಿ ಕೇಳಿದ ಏರಿಕೆ 11,000 ರೂಪಾಯಿ, ಬಂದದ್ದು ಮೂರು ವರ್ಷಕ್ಕೆ 7,400. ಅರ್ಧಕ್ಕಿಂತ ಹೆಚ್ಚು ಮೂಲವೇತನಕ್ಕೇ ಸೇರಿತು. ಅದೃಷ್ಟವೂ ಇತ್ತು. 2019ರಲ್ಲಿ ಕಾರು ಮಾರಾಟ ಕುಸಿದು, ಬಿಡೋಣವೆಂದರೂ ಓಟಿಯೇ ಇರಲಿಲ್ಲ.

ಗುತ್ತಿಗೆಯ 150 ಹುಡುಗರಿಗೆ ಆ ಒಪ್ಪಂದದಲ್ಲಿ ದಕ್ಕಿದ್ದು ವರ್ಷಕ್ಕೆರಡು ಜೊತೆ ಬೂಟು, ಅಷ್ಟೇ. ಆ ಹತ್ತೊಂಬತ್ತು ದಿನ ಅವರಲ್ಲಿ ಒಬ್ಬನೂ ನಮ್ಮ ಮಿಷಿನ್ನಿಗೆ ಕೈ ಹಾಕಿರಲಿಲ್ಲ.