ಶಿಕ್ಷಕರ ಕಲಿಕಾ ಯೋಜನೆ: ಮಕ್ಕಳ ನೋಟ್‌ಬುಕ್ಕಿನಿಂದ ಶುರು ಮಾಡಿ

503ರಲ್ಲಿ 278 ಕಳೆದರೆ ಎಷ್ಟು? ಐದನೇ ತರಗತಿಯ ಮಕ್ಕಳಿಗೆ ಈ ಒಂದು ಲೆಕ್ಕ ಕೊಟ್ಟು ನೋಡಿ. ಸರಿಯುತ್ತರ 225. ಆದರೆ ಕೆಲವು ಮಕ್ಕಳು 375 ಎಂದು ಬರೆಯುತ್ತಾರೆ, ಕೆಲವರು 235, ಇನ್ನು ಕೆಲವರು 275 ಅಥವಾ 325. ಎಲ್ಲಕ್ಕೂ ಕೆಂಪು ಶಾಯಿಯಲ್ಲಿ ಒಂದೇ ಬಗೆಯ ತಪ್ಪು ಗುರುತು ಬೀಳುತ್ತದೆ. ಆದರೆ ಆ ನಾಲ್ಕು ಉತ್ತರಗಳ ಹಿಂದೆ ನಾಲ್ಕು ಬೇರೆ ಬೇರೆ ಯೋಚನೆಗಳಿವೆ. ಈ ವರ್ಷ ತಾವು ಏನನ್ನು ಕಲಿಯಬೇಕು ಎಂದು ಶಿಕ್ಷಕರು ಹುಡುಕಬೇಕಾದದ್ದು ಅಲ್ಲೇ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿಪರ ಬೆಳವಣಿಗೆಗೆ ಮೀಸಲಿಡಬೇಕು ಎನ್ನುತ್ತದೆ, ಅದು ಅವರವರ ಆಸಕ್ತಿಯಂತೆ ನಡೆಯಬೇಕು ಎಂದೂ ಹೇಳುತ್ತದೆ. ದೀಕ್ಷಾ ಎಂಬ ಸರ್ಕಾರಿ ಆನ್‌ಲೈನ್ ವೇದಿಕೆಯಲ್ಲಿ ಕೋರ್ಸುಗಳಿವೆ, ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಮತ್ತು ಬಿಆರ್‌ಸಿ (ಬ್ಲಾಕ್ ಸಂಪನ್ಮೂಲ ಕೇಂದ್ರ) ತರಬೇತಿಗಳಿವೆ, ಅಕ್ಕಪಕ್ಕದ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಮಾಲೋಚನಾ ಸಭೆಗಳಿವೆ. ಹೀಗಾಗಿ ಗಂಟೆ ತುಂಬಿಸುವುದು ಕಷ್ಟವಲ್ಲ. ಆ ಗಂಟೆಗಳು ತರಗತಿಯ ಮೂರನೇ ಸಾಲಿನಲ್ಲಿ ಕೂತ ಮಗುವಿನ ಪುಸ್ತಕದವರೆಗೆ ತಲುಪಬೇಕು. ಶಿಕ್ಷಕರ ತರಬೇತಿಯ ಮೌಲ್ಯಮಾಪನದ ಬಗ್ಗೆ ಕೆಲಸ ಮಾಡಿದ ಅಮೆರಿಕದ ಥಾಮಸ್ ಗಸ್ಕಿ ಅವರ ಸಲಹೆ ಸರಳ: ಯೋಜನೆಯನ್ನು ಕೊನೆಯಿಂದ ಹಾಕಿ. ಮಕ್ಕಳಲ್ಲಿ ಆಗಬೇಕಾದ ಬದಲಾವಣೆಯನ್ನು ಮೊದಲು ಬರೆದುಕೊಳ್ಳಿ, ತರಬೇತಿಯ ಆಯ್ಕೆ ಕೊನೆಗೆ ಬರಲಿ. ನಮ್ಮಲ್ಲಿ ಹೆಚ್ಚಾಗಿ ಇದು ತಿರುವುಮುರುವಾಗಿ ನಡೆಯುತ್ತದೆ. ಮೊದಲು ತರಬೇತಿಯ ಆದೇಶ ಬರುತ್ತದೆ, ಮಕ್ಕಳಿಗೆ ಅದರಿಂದ ಏನಾಯಿತು ಎಂಬ ಪ್ರಶ್ನೆ ಆಮೇಲೆ ಬಂದರೆ ಬಂತು.

ಇಲ್ಲಿ 24 ಮಕ್ಕಳಿರುವ ಐದನೇ ತರಗತಿಯೊಂದನ್ನೂ ದಶಕ ಸಹಿತ ವ್ಯವಕಲನವನ್ನೂ (ಪಕ್ಕದ ಸ್ಥಾನದಿಂದ ತಂದು ಕಳೆಯುವ ಲೆಕ್ಕ) ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ. ಓದು, ಬರವಣಿಗೆ, ವಿಜ್ಞಾನ ಯಾವುದಾದರೂ ಕ್ರಮ ಇದೇ.

ಮೊದಲು ತಪ್ಪುಗಳನ್ನು ಓದಿ

ಜೂನ್‌ನಲ್ಲಿ ಸೇತುಬಂಧದ (ಹಿಂದಿನ ತರಗತಿಯ ಕಲಿಕೆಯ ಕೊರತೆ ತುಂಬುವ ಕಾರ್ಯಕ್ರಮ) ನೈದಾನಿಕ ಪರೀಕ್ಷೆ ಹೇಗಿದ್ದರೂ ನಡೆಯುತ್ತದೆ. ಅದರ ಜೊತೆಗೆ ಎಂಟು ಲೆಕ್ಕಗಳ ಒಂದು ಚೀಟಿ ಕೊಡಿ. ದಶಕ ರಹಿತ ಎರಡು (58 - 23 ತರಹದವು), ಎರಡಂಕಿಯ ದಶಕ ಸಹಿತ ಎರಡು (52 - 27), ಮೂರಂಕಿಯವು ಎರಡು (543 - 278), ನಡುವೆ ಅಥವಾ ಕೊನೆಗೆ ಸೊನ್ನೆ ಇರುವವು ಎರಡು (503 - 278, 600 - 246). 30 ನಿಮಿಷ ಸಾಕು. ಅಳಿಸಲು ರಬ್ಬರ್ ಕೊಡಬೇಡಿ, ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಲಿ. ಮಗು ಮೊದಲು ಏನು ಯೋಚಿಸಿತು ಎಂಬುದು ಅಳಿಸಿ ಹೋಗಬಾರದು.

ಚೀಟಿಗಳನ್ನು ಅಂಕದ ಪ್ರಕಾರ ಜೋಡಿಸಬೇಡಿ, ಉತ್ತರದ ಪ್ರಕಾರ ಗುಡ್ಡೆ ಹಾಕಿ. 503 - 278ಕ್ಕೆ 375 ಬರೆದ ಮಗು ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದೆ. ಮೂರರಲ್ಲಿ ಎಂಟು ಹೋಗುವುದಿಲ್ಲ, ಹಾಗಾಗಿ ಎಂಟರಲ್ಲಿ ಮೂರು. 235 ಬರೆದ ಮಗು ನೂರನ್ನು ಬಿಡಿಸಿ ಹತ್ತು ಹತ್ತುಗಳನ್ನು ಮಾಡಿದೆ, ಅದರಲ್ಲೊಂದನ್ನು ಬಿಡಿ ಸ್ಥಾನಕ್ಕೆ ಕೊಟ್ಟಿದೆ, ಆದರೆ ಹತ್ತರ ಸ್ಥಾನದಲ್ಲಿ ಒಂಬತ್ತು ಉಳಿಯಿತು ಎಂಬುದನ್ನು ಮರೆತಿದೆ. 275 ಬರೆದ ಮಗು ಸೊನ್ನೆಯನ್ನು ದಾಟಿ ನೇರವಾಗಿ ನೂರರ ಸ್ಥಾನದಿಂದ ಬಿಡಿ ಸ್ಥಾನಕ್ಕೆ ತಂದಿದೆ, ಹತ್ತರ ಸ್ಥಾನದಲ್ಲಿ ಏಳರಿಂದ ಸೊನ್ನೆ ಕಳೆದಿದೆ. 325 ಬರೆದ ಮಗು ಸೊನ್ನೆಯ ಮೇಲೆ ಒಂಬತ್ತು ಬರೆಯಬೇಕು ಎಂಬ ನಿಯಮವನ್ನು ಬಾಯಿಪಾಠ ಮಾಡಿದೆ, ಐದನ್ನು ನಾಲ್ಕು ಮಾಡಿಲ್ಲ. ವ್ಯವಕಲನದಲ್ಲಿ ಮಕ್ಕಳ ಇಂಥ ಕ್ರಮಬದ್ಧ ತಪ್ಪುಗಳನ್ನು ಸಂಶೋಧಕರಾದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಲ್ಲೇ ವಿಶ್ಲೇಷಿಸಿ ತೋರಿಸಿದ್ದರು. ಇವು ಅಜಾಗರೂಕತೆಯಿಂದಾಗುವ ತಪ್ಪುಗಳಲ್ಲ. ಮಗು ತನಗೆ ಗೊತ್ತಿರುವ ನಿಯಮವನ್ನು ಶ್ರದ್ಧೆಯಿಂದ ಪಾಲಿಸುತ್ತಿದೆ, ಆ ನಿಯಮವೇ ತಪ್ಪು.

ನಮ್ಮ ಉದಾಹರಣೆಯ ತರಗತಿಯಲ್ಲಿ 6 ಮಕ್ಕಳದು ಸರಿ, 9 ಮಕ್ಕಳದು 375, 4 ಮಕ್ಕಳದು 235, ಇಬ್ಬರದು 275, ಒಬ್ಬರದು 325, ಉಳಿದ ಇಬ್ಬರು ಏನೂ ಬರೆದಿಲ್ಲ ಎಂದಿಟ್ಟುಕೊಳ್ಳಿ. ಈಗ ಆ 9 ಮಕ್ಕಳ 52 - 27 ತೆಗೆದು ನೋಡಿ. ಅಲ್ಲೂ 35 ಎಂದಿದ್ದರೆ ತೊಡಕು ಸೊನ್ನೆಯದಲ್ಲ, ಕೆಳಗಿನ ತರಗತಿಯಲ್ಲೇ ಸ್ಥಾನಬೆಲೆ ಗಟ್ಟಿಯಾಗಿಲ್ಲ. ಕೊನೆಗೆ ಪ್ರತಿ ಗುಡ್ಡೆಯಿಂದ ಒಂದೊಂದು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, “ಜೋರಾಗಿ ಹೇಳ್ತಾ ಹೇಳ್ತಾ ಮಾಡು ಪುಟ್ಟಾ” ಎಂದು ಐದು ನಿಮಿಷ ಕೇಳಿ. ತಿದ್ದಬೇಡಿ. ಆ ಐದು ನಿಮಿಷ ಸುಮ್ಮನಿರುವುದು ಅನುಭವಿ ಶಿಕ್ಷಕರಿಗೂ ಸುಲಭವಲ್ಲ.

ಗುರಿ ಮಗುವಿನದಾಗಿರಲಿ

“ಗಣಿತ ಕಲಿಕೆ ಸುಧಾರಿಸುವುದು” ಎಂದು ಬರೆದರೆ ಅದನ್ನು ಅಳೆಯಲು ಬರುವುದಿಲ್ಲ. “ನಾನು ಚಟುವಟಿಕೆ ಆಧಾರಿತ ಬೋಧನೆ ಮಾಡುತ್ತೇನೆ” ಎಂಬುದೂ ಮಗುವಿನ ಗುರಿಯಲ್ಲ. ಹೀಗೆ ಬರೆಯಿರಿ: “ಆಗಸ್ಟ್ 31ರೊಳಗೆ, 24 ಮಕ್ಕಳಲ್ಲಿ ಕನಿಷ್ಠ 19 ಮಂದಿ, ಸೊನ್ನೆಯಿರುವ ಮೂರಂಕಿ ಸಂಖ್ಯೆಯಿಂದ ಕಳೆಯುವ 5 ಲೆಕ್ಕಗಳಲ್ಲಿ 4 ಸರಿ ಮಾಡುತ್ತಾರೆ. ಅವುಗಳಲ್ಲಿ ಒಂದನ್ನು ಆಟದ ನೋಟುಗಳಿಂದ ಮಾಡಿ ತೋರಿಸುತ್ತಾರೆ.” ಯಾರು, ಎಷ್ಟು, ಯಾವಾಗ, ಹೇಗೆ ಗೊತ್ತಾಗುತ್ತದೆ ಎಂಬ ನಾಲ್ಕೂ ಇದರಲ್ಲಿವೆ. ಒಂದು ಅರ್ಧವರ್ಷಕ್ಕೆ ಇಂಥ ಒಂದೇ ಗುರಿ ಸಾಕು. ಮೂರು ಗುರಿ ಹಾಕಿಕೊಂಡರೆ ಯಾವುದನ್ನೂ ಪುಸ್ತಕ ತೆರೆದು ನೋಡಲು ಸಮಯ ಸಿಗುವುದಿಲ್ಲ.

ನಾನು ಏನು ಕಲಿಯಬೇಕು?

ಇಡೀ ಯೋಜನೆಯಲ್ಲಿ ಹೆಚ್ಚು ಪ್ರಾಮಾಣಿಕತೆ ಬೇಡುವ ಹಂತ ಇದು. ಮಕ್ಕಳ ಎಲ್ಲ ಕೊರತೆಯೂ ಶಿಕ್ಷಕರ ಕೊರತೆಯಲ್ಲ. ಏನೂ ಬರೆಯದ ಆ ಇಬ್ಬರು ಮಕ್ಕಳ ಹಾಜರಾತಿ ನೋಡಿ. ಅಪ್ಪ ಅಮ್ಮನ ಜೊತೆ ಗುಳೆ ಹೋಗಿ ಬಂದವರಾಗಿದ್ದರೆ ಅವರಿಗೆ ಬೇಕಾದದ್ದು ಪ್ರತ್ಯೇಕ ಪರಿಹಾರ ಬೋಧನೆ, ನಿಮಗೆ ಹೊಸ ತರಬೇತಿಯಲ್ಲ.

ಉಳಿದ ಗುಡ್ಡೆಗಳನ್ನು ಎದುರಿಗಿಟ್ಟುಕೊಂಡು ಕೇಳಿಕೊಳ್ಳಿ: ಈ ನಿಯಮ ಮಗುವಿಗೆ ಎಲ್ಲಿಂದ ಬಂತು? “ಚಿಕ್ಕದರಲ್ಲಿ ದೊಡ್ಡದು ಹೋಗುವುದಿಲ್ಲ” ಎಂದು ನಾವೇ ಹೇಳಿಕೊಟ್ಟಿರುತ್ತೇವೆ. ಮಗು ಅದನ್ನು ನಂಬಿ ಅಂಕಿಗಳನ್ನು ತಿರುಗಿಸಿಕೊಂಡಿತು. “ಪಕ್ಕದ ಮನೆಯಿಂದ ಸಾಲ ತಗೋ” ಎನ್ನುತ್ತೇವೆ. ಪಕ್ಕದ ಮನೆಯಲ್ಲಿ ಸೊನ್ನೆ ಇದ್ದಾಗ ಅದರಾಚೆಯ ಮನೆಗೆ ಹೋಗಿ ತರುವುದು ಮಗುವಿಗೆ ಸಹಜವೇ, 275 ಬಂದದ್ದು ಹಾಗೆ. ಸಾಲ ಎಂದರೆ ತೀರಿಸಬೇಕು, ಇಲ್ಲಿ ಯಾರೂ ತೀರಿಸುವುದಿಲ್ಲ. ಅದಕ್ಕಿಂತ ಸಂತೆಯ ಮಾತು ಒಳ್ಳೆಯದು: ನೂರರ ನೋಟು ಮುರಿಸು. ಮುರಿಸಿದರೆ ಹತ್ತರ ಹತ್ತು ನೋಟು, ಅದರಲ್ಲೊಂದನ್ನು ಮುರಿಸಿದರೆ ಒಂದರ ಹತ್ತು ನಾಣ್ಯ, ಕೈಯಲ್ಲಿ ಉಳಿದದ್ದು ಹತ್ತರ ಒಂಬತ್ತು. ಆ ಒಂಬತ್ತು ಎಲ್ಲಿಂದ ಬಂತು ಎಂದು ಮಗುವಿಗೆ ಕಣ್ಣಿಗೇ ಕಾಣುತ್ತದೆ.

ಹೀಗೆ ನೋಡಿದಾಗ ಶಿಕ್ಷಕರ ಕಲಿಕೆಯ ಗುರಿ ತಾನಾಗಿ ರೂಪುಗೊಳ್ಳುತ್ತದೆ: “ಒಂದೇ ಸಂಖ್ಯೆಯನ್ನು ಬೇರೆ ಬೇರೆ ರೀತಿ ಬಿಡಿಸಿ ತೋರಿಸಲು, ಆ ಬಿಡಿಸುವಿಕೆಯನ್ನು ಬರಹದ ಲೆಕ್ಕಕ್ಕೆ ಜೋಡಿಸಲು ನಾನು ಕಲಿಯಬೇಕು.” ದೀಕ್ಷಾದಲ್ಲಿ ಕೋರ್ಸ್ ಆರಿಸುವಾಗ ಈ ವಾಕ್ಯವನ್ನು ಕೈಯಲ್ಲಿ ಹಿಡಿದುಕೊಳ್ಳಿ. ಅದಕ್ಕೆ ಒದಗದ ಕೋರ್ಸ್ ಎಷ್ಟೇ ಚೆನ್ನಾಗಿದ್ದರೂ ಈ ಯೋಜನೆಯ ಭಾಗವಲ್ಲ.

ಗಂಟೆಗಳ ಲೆಕ್ಕ

50 ಗಂಟೆಯನ್ನೂ ಒಂದೇ ಗುರಿಗೆ ಸುರಿಯಬೇಡಿ. ಇಲಾಖೆಯ ಕಡ್ಡಾಯ ತರಬೇತಿಗಳಿಗೆ ಜಾಗ ಬೇಕು. 26 ಗಂಟೆ ಈ ಯೋಜನೆಗೆ ಇಟ್ಟರೆ ಹಂಚಿಕೆ ಹೀಗಿರಬಹುದು: ಚೀಟಿ ಓದುವುದು ಮತ್ತು ಮಕ್ಕಳ ಜೊತೆಗಿನ ಮಾತು 5 ಗಂಟೆ, ಕೋರ್ಸ್ ಮತ್ತು ಓದು 6, ಸಹೋದ್ಯೋಗಿಯ ಜೊತೆ ಕೂತು ಪಾಠ ತಯಾರಿ 6, ಪಾಠ ವೀಕ್ಷಣೆ ಮತ್ತು ನಂತರದ ಚರ್ಚೆ 6, ಕೊನೆಯ ಚೀಟಿ ಮತ್ತು ದಾಖಲೆ 3. ಓದು ಮತ್ತು ಕೋರ್ಸಿಗೆ ಕಾಲುಭಾಗಕ್ಕಿಂತ ಕಡಿಮೆ ಇಟ್ಟದ್ದು ಬೇಕೆಂದೇ. ಶಿಕ್ಷಕರ ತರಬೇತಿಯ ಸಂಶೋಧಕರಾದ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ 1980ರ ದಶಕದಿಂದ ಹೇಳುತ್ತ ಬಂದದ್ದು ಇದನ್ನೇ: ಕೇಳಿದ್ದು, ನೋಡಿದ್ದು ಮಾತ್ರದಿಂದ ಹೊಸ ವಿಧಾನ ತರಗತಿಗೆ ಇಳಿಯುವುದು ಅಪರೂಪ, ಸ್ವಂತ ತರಗತಿಯಲ್ಲಿ ಮಾಡಿ ನೋಡುವಾಗ ಜೊತೆಗೊಬ್ಬರು ಇರಬೇಕು.

ಜೂನ್ ಮೂರನೇ ವಾರದೊಳಗೆ ಗುಡ್ಡೆ ಹಾಕಿ ಮುಗಿಸಿ, ಜುಲೈ ಮೊದಲ ವಾರದವರೆಗೆ ಓದು. ಅಲ್ಲಿಂದ ಆಗಸ್ಟ್ ಮಧ್ಯದವರೆಗೆ ಹತ್ತು ಹನ್ನೆರಡು ದಿನಗಳ ಮೂರು ಸುತ್ತು: ಪಾಠ ಕಟ್ಟು, ಮಾಡು, ನೋಡು, ತಿದ್ದು. ಆಗಸ್ಟ್ ಕೊನೆಯ ವಾರ ಮತ್ತೆ ಚೀಟಿ. ನಡುವಿನ ಎರಡು ವಾರ ಖಾಲಿ ಬಿಡಿ. ಮಳೆ ರಜೆ, ರೂಪಣಾತ್ಮಕ ಮೌಲ್ಯಮಾಪನ, ಇಲಾಖೆಯ ತುರ್ತು ಮಾಹಿತಿ, ಏನಾದರೊಂದು ಬಂದೇ ಬರುತ್ತದೆ.

ವೀಕ್ಷಕರು ಎಲ್ಲಿ ಕೂರಬೇಕು?

ತರಗತಿಯ ಹಿಂದೆ ಅಲ್ಲ, ಮಕ್ಕಳ ಪಕ್ಕದಲ್ಲಿ. ಜಪಾನಿನ ಶಿಕ್ಷಕರ ಪಾಠ ಅಧ್ಯಯನ ಪದ್ಧತಿಯಲ್ಲಿ ನೋಡುವವರ ಕಣ್ಣು ಮಗು ಹೇಗೆ ಯೋಚಿಸುತ್ತಿದೆ ಎಂಬುದರ ಮೇಲಿರುತ್ತದೆ. ಅದನ್ನು ಇಲ್ಲಿಗೆ ತನ್ನಿ. ಬೇರೆ ಬೇರೆ ಗುಡ್ಡೆಯ ನಾಲ್ಕು ಮಕ್ಕಳನ್ನು ಮೊದಲೇ ಗುರುತಿಸಿ. ಅವರು ಬರೆದದ್ದನ್ನೂ ಆಡಿದ್ದನ್ನೂ ಸಹೋದ್ಯೋಗಿ ಹಾಗೆಹಾಗೇ ಬರೆದುಕೊಳ್ಳಲಿ. “ಪಾಠ ಚೆನ್ನಾಗಿತ್ತು” ಎಂಬ ಟಿಪ್ಪಣಿ ಬೇಡ. “ಎಂಟನೇ ನಿಮಿಷದಲ್ಲಿ ನೋಟು ಸರಿಯಾಗಿ ಮುರಿಸಿದಳು, ಪುಸ್ತಕದಲ್ಲಿ ಸೊನ್ನೆಯನ್ನು ಹಾಗೇ ಬಿಟ್ಟಳು” ಎಂಬುದು ಬೇಕು. 40 ನಿಮಿಷದ ಅವಧಿಗೆ 20 ನಿಮಿಷದ ಮಾತು, ಅದೇ ದಿನ. ಮೂರು ಬಾರಿ ಅವರು ನಿಮ್ಮ ತರಗತಿಗೆ, ಮೂರು ಬಾರಿ ನೀವು ಅವರ ತರಗತಿಗೆ ಬಂದರೆ ಆರು ಗಂಟೆ ಆಗುತ್ತದೆ.

ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಮುಖ್ಯ ಶಿಕ್ಷಕರು ಆ ಒಂದು ಅವಧಿಗೆ ಉಳಿದ ತರಗತಿಗಳಿಗೆ ಸ್ವಯಂ ಕೆಲಸ ಕೊಟ್ಟು ಅನುವು ಮಾಡಿಕೊಡಬೇಕು, ಅಥವಾ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬರುವ ದಿನಕ್ಕೆ ಪಾಠ ಹೊಂದಿಸಬೇಕು. ಅದೂ ಆಗದಿದ್ದರೆ ಒಂದು ಗುಂಪಿನ ಮೇಜಿನ ಮೇಲೆ ಫೋನ್ ಇಟ್ಟು ಮಾತು ಧ್ವನಿಮುದ್ರಿಸಿ ಸಂಜೆ ಕೇಳಿ. ಧ್ವನಿ ಸಾಕು, ಚಿತ್ರ ಬೇಡ. ಅದನ್ನು ಯಾವ ವಾಟ್ಸ್‌ಆ್ಯಪ್ ಗುಂಪಿಗೂ ಹಾಕಬೇಡಿ.

ಮುಖ್ಯ ಶಿಕ್ಷಕರಿಗೆ ಒಂದು ವಿನಂತಿ: ಈ ಟಿಪ್ಪಣಿಗಳನ್ನು ತಪಾಸಣೆಯ ಕಡತಕ್ಕೆ ಸೇರಿಸಬೇಡಿ. ಒಮ್ಮೆ ಸೇರಿಸಿದರೆ ಮುಂದಿನ ಬಾರಿ ಶಿಕ್ಷಕರು ಮಕ್ಕಳಿಗೆ ಈಗಾಗಲೇ ಬರುವ ಪಾಠವನ್ನೇ ತೋರಿಸುತ್ತಾರೆ, ಕಲಿಯಲು ಏನೂ ಉಳಿಯುವುದಿಲ್ಲ.

ಎಲ್ಲಿ ಕೈಕೊಡುತ್ತದೆ

ನೋಟುಗಳಿಂದ ಸರಿ ಮಾಡುವ ಮಗು ಪುಸ್ತಕದಲ್ಲಿ ಮತ್ತೆ 375 ಬರೆಯುವುದು ತೀರಾ ಸಾಮಾನ್ಯ. ಮೊದಲ ಅವಧಿಯಲ್ಲಿ ಆಟ, ಮರುದಿನ ಲೆಕ್ಕ ಎಂದು ಬೇರೆ ಮಾಡಿದ್ದೇ ಕಾರಣ, ಮಗುವಿಗೆ ಅವೆರಡೂ ಒಂದೇ ಎಂದು ತಿಳಿದಿಲ್ಲ. ಒಂದು ನೋಟು ಮುರಿಸಿದ ಕೂಡಲೇ ಪುಸ್ತಕದಲ್ಲಿ ಒಂದು ಗುರುತು, ಆಮೇಲೆ ಮುಂದಿನ ನೋಟು. ಜೋಡಿಯಲ್ಲಿ ಒಬ್ಬರು ಮುರಿಸಲಿ, ಇನ್ನೊಬ್ಬರು ಬರೆಯಲಿ, ಪ್ರತಿ ಲೆಕ್ಕಕ್ಕೂ ಬದಲಾಗಲಿ. ಒಂದು ಜೋಡಿಗೆ ನೂರರ 9, ಹತ್ತರ 20, ಒಂದರ 20 ಇದ್ದರೆ ಮೂರಂಕಿಯ ಯಾವ ಲೆಕ್ಕಕ್ಕೂ ಸಾಲುತ್ತವೆ. ರಟ್ಟಿನಲ್ಲಿ ಕತ್ತರಿಸಿಕೊಳ್ಳಬಹುದು.

ಇನ್ನೊಂದು ತಪ್ಪು ಕೊನೆಯ ಚೀಟಿಯಲ್ಲಿ ಆಗುತ್ತದೆ. ಜೂನ್‌ನ ಲೆಕ್ಕಗಳನ್ನೇ ಮತ್ತೆ ಕೊಟ್ಟರೆ ಸಿಗುವುದು ನೆನಪಿನ ಪರೀಕ್ಷೆ. ರಚನೆ ಅದೇ ಇರಲಿ, ಸಂಖ್ಯೆ ಬೇರೆ ಇರಲಿ: 503 - 278ರ ಜಾಗದಲ್ಲಿ 604 - 359. ಈ ಬಾರಿಯೂ ಗುಡ್ಡೆ ಹಾಕಿ. 375ರ ಗುಂಪಿನಲ್ಲಿದ್ದ ಮಗು ಈಗ 604 - 359ಕ್ಕೆ 255 ಬರೆದರೆ ಅಂಕ ಸೊನ್ನೆಯೇ, ಆದರೆ ಅದು ಅಂಕಿ ತಿರುಗಿಸುವುದನ್ನು ಬಿಟ್ಟು ನೋಟು ಮುರಿಸಲು ಕಲಿತಿದೆ, ಒಂಬತ್ತು ಉಳಿಸುವುದೊಂದು ಬಾಕಿ. ಅಂಥ ಮಗುವಿಗೆ ಇನ್ನೆರಡು ಅವಧಿ ಸಾಕಾಗಬಹುದು. ಹಳೆಯ ತಪ್ಪಿನಲ್ಲೇ ಉಳಿದವರಿಗೆ 52 - 27ರಿಂದ ಮತ್ತೆ ಶುರುಮಾಡಬೇಕು.

ದಸರಾ ರಜೆ ಕಳೆದ ಮೇಲೆ, ನವೆಂಬರ್‌ನಲ್ಲಿ, ಹೇಳದೆ ಕೇಳದೆ ಮೂರು ಲೆಕ್ಕ ಕೊಟ್ಟು ನೋಡಿ. ಆಗಸ್ಟ್‌ನಲ್ಲಿ 19 ಇದ್ದದ್ದು 13ಕ್ಕೆ ಇಳಿದಿದ್ದರೆ ಮಕ್ಕಳು ಮತ್ತೆ ನಿಯಮವನ್ನೇ ಬಾಯಿಪಾಠ ಮಾಡಿದ್ದರು ಎಂದರ್ಥ, ಪಾಠದ ಮೂರನೇ ಸುತ್ತನ್ನು ಇನ್ನೊಮ್ಮೆ ಕಟ್ಟಬೇಕು. ಜೂನ್, ಆಗಸ್ಟ್, ನವೆಂಬರ್‌ನ ಗುಡ್ಡೆಗಳ ಲೆಕ್ಕವನ್ನೂ ಪ್ರತಿ ಬಗೆಯ ಒಂದೊಂದು ಚೀಟಿಯನ್ನೂ ಒಂದು ಹಾಳೆಗೆ ಅಂಟಿಸಿ ಕ್ಲಸ್ಟರ್ ಸಮಾಲೋಚನಾ ಸಭೆಗೆ ಒಯ್ಯಿರಿ. ಏಪ್ರಿಲ್‌ನಲ್ಲಿ ಅದರ ನಕಲನ್ನು, ಇನ್ನೂ ಬಾರದ ಮಕ್ಕಳ ಹೆಸರಿನೊಂದಿಗೆ, ಆರನೇ ತರಗತಿಯ ಶಿಕ್ಷಕರ ಕೈಗೆ ಕೊಡಿ.